ನಾಯಿಯ ನಡತೆಯ ಅಧ್ಯಯನ: ಸಾಕ್ಷ್ಯವಿಮರ್ಶೆಯ ದೃಷ್ಟಿಯಿಂದ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಕ್ರಿ.ಶ. ೯೪೯–೫೦ರ ಈ ಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಗಂಗರ ಇಮ್ಮಡಿ ಬೂತುಗನಿಂದ ಹತನಾದುದಕ್ಕೆ ಮುಖ್ಯ ಆಧಾರ. ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಶಿಲೆಯನ್ನು ನೆಟ್ಟುದು ರಾಜಾದಿತ್ಯನಿಗಾಗಿಯೂ ಅಲ್ಲ, ಬೂತುಗನಿಗಾಗಿಯೂ ಅಲ್ಲ. ಕಾಳಿ ಎಂಬ ಒಂದು ಬೇಟೆನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಅವನು ಕೇಳಿ ಪಡೆದುದು ಈ ನಾಯಿಯನ್ನು. ಮುಂದೆ ಬೆಳತೂರಿನ ಬಳಿಯ ಗುಡ್ಡದಲ್ಲಿ ಒಂದು ಭಾರಿ ಹಂದಿಯ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತುವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡನಾದರೆ ನಾಯಿ ಮಾಡಿದ ಪಾಪವು ಅವನಿಗೆ ತಟ್ಟುವುದೆಂಬ ಶಾಪವೂ ಅಲ್ಲಿದೆ. ನಾಯಿ ಹಂದಿಗಳ ಹೋರಾಟದ ಶಿಲ್ಪವುಳ್ಳ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು.

ಈ ಶಾಸನವು ಯಾವುದಕ್ಕೆ ಸಾಕ್ಷಿ? ಮಣಲೇರನ ಮಮತೆಗೆ ಸಾಕ್ಷಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಾಳಿಯ ಮನಸ್ಸಿಗೆ? ಅದು ಒಡೆಯನಿಗಾಗಿ ಪ್ರಾಣಕೊಟ್ಟಿತೋ, ಬೇಟೆಯ ಆವೇಶದಲ್ಲಿ ಹಿಡಿದುದನ್ನು ಬಿಡಲಾರದೆ ಸತ್ತಿತೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಹೇಳಿದ್ದರೂ ಅದು ಮಣಲೇರನ ಅಭಿಪ್ರಾಯವಾಗುತ್ತಿತ್ತೇ ಹೊರತು ನಾಯಿಯದಾಗುತ್ತಿರಲಿಲ್ಲ. ಒಂದು ದಾಖಲೆಯನ್ನು ಕೈಗೆತ್ತಿಕೊಂಡಾಗ ಬರೆಯಿಸಿದವನಾರು, ಯಾವ ನೆಲೆಯಲ್ಲಿ ನಿಂತು ನೋಡಿದನು, ಅವನಿಗೆ ಕಾಣಲಾಗದೆ ಹೋದುದೇನು ಎಂದು ಕೇಳುವುದು ನಮ್ಮ ಶಾಸ್ತ್ರದ ಮೊದಲನೆಯ ಪಾಠ. ನಾಯಿಯ ನಡತೆಯನ್ನು ಕುರಿತು ಕಳೆದ ನೂರೈವತ್ತು ವರ್ಷಗಳಲ್ಲಿ ಬೆಳೆದುಬಂದ ವಿಜ್ಞಾನಕ್ಕೂ ಇದೇ ಪ್ರಶ್ನೆಗಳನ್ನು ಹಾಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಾವು ಪ್ರಾಣಿಶಾಸ್ತ್ರಜ್ಞರಲ್ಲ. ಆದರೆ ಈ ವಿಜ್ಞಾನದ ಚರಿತ್ರೆಯನ್ನು ಓದುತ್ತ ಹೋದಂತೆ ನಮಗೆ ಪರಿಚಿತವಾದ ಒಂದು ಸಮಸ್ಯೆಯೇ ಬೇರೆ ವೇಷದಲ್ಲಿ ಎದುರಾಗುತ್ತದೆ: ನಾಯಿಯನ್ನು ಎಲ್ಲಿಟ್ಟು ನೋಡಿದರೋ ಆ ಸ್ಥಳವೇ ಅನೇಕ ವೇಳೆ ಸಿದ್ಧಾಂತವಾಗಿ ಪರಿಣಮಿಸಿದೆ.

ಡಾರ್ವಿನ್ನನು ೧೮೭೨ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಾಶನವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ನಾಯಿಗೆ ಗಣ್ಯವಾದ ಸ್ಥಾನವಿದೆ. ಹಗೆಯನ್ನು ಎದುರಿಸುವ ನಾಯಿ ಮೈಯನ್ನು ಸೆಟೆಸಿ, ಬಾಲವನ್ನು ನೆಟ್ಟಗೆ ಮಾಡಿ, ಕತ್ತಿನ ರೋಮವನ್ನು ನಿಮಿರಿಸುತ್ತದೆ. ಬಂದವನು ಒಡೆಯನೇ ಎಂದು ತಿಳಿದ ಕ್ಷಣದಲ್ಲಿ ಮೈ ಬಗ್ಗಿ ಬಳುಕುತ್ತದೆ, ಬಾಲ ಅಲ್ಲಾಡುತ್ತದೆ. ಪರಸ್ಪರ ವಿರುದ್ಧವಾದ ಭಾವಗಳು ಪರಸ್ಪರ ವಿರುದ್ಧವಾದ ಭಂಗಿಗಳನ್ನು ತಾಳುವುವೆಂಬ ಸೂತ್ರವನ್ನು ಅವನು ಇದರಿಂದ ಎತ್ತಿದನು. ಅವನು ನೋಡಿದುದು ಮನೆಯ ನಾಯಿಯನ್ನು. ರಷ್ಯದ ಪಾವ್ಲೊವನು ನೋಡಿದುದು ಪ್ರಯೋಗಶಾಲೆಯಲ್ಲಿ ಪಟ್ಟಿ ಬಿಗಿದು ನಿಲ್ಲಿಸಿದ ನಾಯಿಯನ್ನು. ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ವಿದ್ವಾಂಸನು, ಆಹಾರದೊಡನೆ ಮತ್ತೆ ಮತ್ತೆ ಜೊತೆಗೂಡಿದ ಸಂಕೇತಮಾತ್ರದಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ಅಳೆದು ತೋರಿಸಿದನು. ಇದು ಅಚಲವಾದ ಸತ್ಯ. ಆದರೆ ಕಟ್ಟಿಹಾಕಿದ ನಾಯಿಗೆ ಜೊಲ್ಲು ಸುರಿಸುವುದಲ್ಲದೆ ಬೇರೆ ಏನನ್ನು ಮಾಡಲೂ ಅವಕಾಶವಿರಲಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು.

ನೆಲೆಯ ದೋಷವು ಸಿದ್ಧಾಂತವನ್ನೇ ಕೆಡಿಸಿದುದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವೆಂದರೆ ತೋಳಗಳ ಅಂತಸ್ತಿನ ಕಥೆ. ಸ್ವಿಟ್ಸರ್ಲೆಂಡಿನ ಬಾಸೆಲ್ ಮೃಗಾಲಯದ ಇಕ್ಕಟ್ಟಾದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು ರುಡಾಲ್ಫ್ ಶೆಂಕೆಲ್ ಅವಲೋಕಿಸಿ ೧೯೪೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅಲ್ಲಿ ಹಿರಿತನಕ್ಕಾಗಿ ಎಡೆಬಿಡದ ಕಾದಾಟವಿತ್ತು; ಗೆದ್ದುದು ಯಜಮಾನ, ಸೋತುವು ಅಧೀನ. ಅಮೆರಿಕದ ಡೇವಿಡ್ ಮೆಕ್ ೧೯೭೦ರಲ್ಲಿ ಬರೆದ ತೋಳವನ್ನು ಕುರಿತ ಪ್ರಸಿದ್ಧ ಗ್ರಂಥವೂ ಈ ಅಭಿಪ್ರಾಯವನ್ನು ಪುರಸ್ಕರಿಸಿತು. ನಾಯಿ ತೋಳದ ಸಂತತಿಯಾದುದರಿಂದ ಮನೆಯ ನಾಯಿಯೂ ಯಜಮಾನಿಕೆಗಾಗಿ ಹವಣಿಸುತ್ತಿರುತ್ತದೆ, ಒಡೆಯನು ಅದನ್ನು ನೆಲಕ್ಕೆ ಕೆಡವಿ ಅದುಮಿ ತನ್ನ ಮೇಲುಗೈಯನ್ನು ಸ್ಥಾಪಿಸಬೇಕು ಎಂದು ನಾಯಿಗಳನ್ನು ಪಳಗಿಸುವವರು ತೀರ್ಮಾನಿಸಿದರು. ಆಮೇಲೆ ಮೆಕ್ ೧೯೮೬ರಿಂದ ಅನೇಕ ಬೇಸಗೆಗಳನ್ನು ಕೆನಡದ ಉತ್ತರದ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಹತ್ತಿರದಲ್ಲೇ ಕಳೆದನು. ಅಲ್ಲಿ ಕಂಡುದು ರಾಜ್ಯವಲ್ಲ, ಸಂಸಾರ: ತಂದೆ, ತಾಯಿ, ಅವುಗಳ ವಿವಿಧ ವಯಸ್ಸಿನ ಮಕ್ಕಳು. ಮಕ್ಕಳು ತಂದೆತಾಯಿಗಳನ್ನು ಅನುಸರಿಸುತ್ತವೆ. ಬೆಳೆದ ಮೇಲೆ ಹೊರಟುಹೋಗಿ ಬೇರೆ ಸಂಸಾರ ಹೂಡುತ್ತವೆ. ಪರಸ್ಪರ ಸಂಬಂಧವಿಲ್ಲದ ತೋಳಗಳನ್ನು ಹೊರಹೋಗಲು ದಾರಿಯಿಲ್ಲದ ಕಡೆ ತುಂಬಿದರೆ ಕಾದಾಟವಾಗದೆ ಇನ್ನೇನಾದೀತು? ಸೆರೆಮನೆಯನ್ನು ನೋಡಿ ಕುಟುಂಬದ ಸ್ವರೂಪವನ್ನು ಬರೆದಂತಾಗಿತ್ತು. ೧೯೯೯ರಲ್ಲಿ ಮೆಕ್ ತನ್ನ ಹಿಂದಿನ ಅಭಿಪ್ರಾಯವನ್ನು ತಾನೇ ತಿದ್ದಿ ಬರೆದನು. ಹಳೆಯ ಗ್ರಂಥದ ಮುದ್ರಣವನ್ನು ನಿಲ್ಲಿಸುವಂತೆ ಪ್ರಕಾಶಕರನ್ನೂ ಕೋರಿದನು. ವಿದ್ವಾಂಸರಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾವು ಊಹಿಸಲಾರೆವು. ವಿಷಾದವೆಂದರೆ, ತಿದ್ದುಪಡಿಯು ಗ್ರಂಥಾಲಯಗಳಲ್ಲಿ ಉಳಿಯಿತು. ತಪ್ಪು ಮನೆಮನೆಗಳಲ್ಲಿ ಉಳಿಯಿತು. ಇಂದಿಗೂ ನಾಯಿಮರಿಗೆ ‘ಒಡೆತನ ತೋರಿಸಬೇಕು’ ಎಂದು ಹೊಡೆಯುವವರು ತಿಳಿದೋ ತಿಳಿಯದೆಯೋ ಬಾಸೆಲ್ಲಿನ ಆ ಆವರಣದ ವಾರಸುದಾರರು.

ಅಮೆರಿಕದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬವರು ಐದು ತಳಿಗಳ ನಾಯಿಗಳನ್ನು ಹುಟ್ಟಿನಿಂದ ಬೆಳೆಸಿ ನಡೆಸಿದ ದೀರ್ಘ ಪರಿಶೀಲನೆಯ ಫಲ ೧೯೬೫ರಲ್ಲಿ ಗ್ರಂಥರೂಪದಲ್ಲಿ ಬಂದಿತು. ಅದರ ಎಲ್ಲ ವಿವರಗಳನ್ನೂ ಇಲ್ಲಿ ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ ಮುಖ್ಯ. ನಾಯಿಮರಿಯ ಬಾಳಿನಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವು ನಂಟನ್ನು ಬೆಳೆಸುವ ಕಾಲ. ಅದೇ ಸಂಸ್ಥೆಯಲ್ಲಿ ೧೯೬೧ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎತ್ತರವಾದ ಬೇಲಿ ಹಾಕಿದ ಹೊಲದೊಳಗೆ ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಹೊರತಂದು ಆಡಿಸಿದರು. ನಡುವಿನ ವಯಸ್ಸಿನಲ್ಲಿ ಹೀಗೆ ಬಂದುವು ಬೇಗ ಒಗ್ಗಿಕೊಂಡುವು. ಹದಿನಾಲ್ಕು ವಾರಗಳವರೆಗೂ ಯಾರನ್ನೂ ಕಾಣದೆ ಬೆಳೆದುವು ಕಾಡುಪ್ರಾಣಿಗಳಂತೆ ಬೆದರಿ ದೂರ ಸರಿದುವು. ಎಂದರೆ ನಾಯಿಯ ರಕ್ತದಲ್ಲಿರುವುದು ಮನುಷ್ಯನ ಮೇಲಣ ಪ್ರೀತಿಯಲ್ಲ, ಸಕಾಲದಲ್ಲಿ ಅವಕಾಶ ದೊರೆತರೆ ಪ್ರೀತಿಸಬಲ್ಲ ಯೋಗ್ಯತೆ. ಬೀದಿಯ ಮೂಲೆಯಲ್ಲಿ ಹುಟ್ಟಿ, ಮೊದಲ ಮೂರು ತಿಂಗಳು ಕಲ್ಲೇಟನ್ನು ಮಾತ್ರ ಕಂಡ ನಾಯಿಯ ಮುಂದಿನ ನಡತೆಯನ್ನು ಅಳೆಯುವಾಗ ಇದನ್ನು ಮರೆಯಲಾಗದು.

ಈ ಯೋಗ್ಯತೆ ತೋಳದ ಸಂತತಿಗೆ ಹೇಗೆ ಬಂದಿತು? ನೊವೊಸಿಬಿರ್ಸ್ಕ್ ನಗರದಲ್ಲಿ ಬೆಲ್ಯಾಯೆವನೆಂಬ ತಳಿಶಾಸ್ತ್ರಜ್ಞನು ೧೯೫೯ರಲ್ಲಿ ಆರಂಭಿಸಿ, ಲ್ಯುಡ್ಮಿಲಾ ತ್ರುತ್ ಎಂಬ ವಿದುಷಿಯು ಅವನ ತರುವಾಯವೂ ದಶಕಗಳ ಕಾಲ ನಡೆಸಿದ ನರಿಗಳ ಪ್ರಯೋಗವು ಇಲ್ಲಿ ಪ್ರಸ್ತುತ. ತುಪ್ಪುಳಕ್ಕಾಗಿ ಸಾಕುತ್ತಿದ್ದ ಬೆಳ್ಳಿಬಣ್ಣದ ನರಿಗಳಲ್ಲಿ ಮನುಷ್ಯನಿಗೆ ಅತಿ ಕಡಮೆ ಬೆದರುವುವನ್ನು ಮಾತ್ರ ಪ್ರತಿ ತಲೆಮಾರಿನಲ್ಲಿಯೂ ಆರಿಸಿ ಮರಿಮಾಡಿಸಿದರು. ಕೆಲವೇ ತಲೆಮಾರುಗಳಲ್ಲಿ ಬಾಲವಾಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದುವು. ಜೋಲುಕಿವಿ, ಮೈಮೇಲೆ ಬಿಳಿಯ ಮಚ್ಚೆಗಳೂ ಕಾಣಿಸಿದುವು. ಸೌಮ್ಯತೆಯೊಂದನ್ನು ಆರಿಸಿದರೆ ಈ ರೂಪಭೇದಗಳು ತಾವಾಗಿಯೇ ಹಿಂಬಾಲಿಸುವುವೆಂದು ಬಹುಕಾಲ ನಂಬಲಾಗಿತ್ತು. ಆದರೆ ಆ ನರಿಗಳ ಪೂರ್ವಜರು ಕೆನಡದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಾಕಣೆಯ ಕೇಂದ್ರಗಳಿಂದ ಬಂದುವೆಂದೂ ಅಂಥ ಲಕ್ಷಣಗಳಲ್ಲಿ ಕೆಲವು ಮೊದಲೇ ಅಲ್ಲಿದ್ದುವೆಂದೂ ೨೦೧೯ರಲ್ಲಿ ವಿಮರ್ಶಕರು ತೋರಿಸಿದರು. ಮೂಲವನ್ನು ಶೋಧಿಸದೆ ಪ್ರತಿಯನ್ನು ನಂಬಬಾರದೆಂಬುದು ಹಸ್ತಪ್ರತಿಗಳಿಗೆ ಮಾತ್ರ ಅನ್ವಯಿಸುವ ನಿಯಮವಲ್ಲ! ಸೌಮ್ಯಸ್ವಭಾವವು ಆಯ್ಕೆಯಿಂದ ಬೆಳೆಯಬಲ್ಲದೆಂಬ ಮುಖ್ಯ ಫಲಕ್ಕೆ ಮಾತ್ರ ಇದರಿಂದ ಬಾಧೆಯಿಲ್ಲ.

ನಾಯಿಯ ವಿಷಯದಲ್ಲಿ ಆಯ್ದವರು ಯಾರೆಂಬುದು ವಿವಾದದ ಪ್ರಶ್ನೆ. ಊರುಗಳು ನೆಲೆಗೊಂಡ ಮೇಲೆ ತಿಪ್ಪೆಯ ಆಹಾರಕ್ಕೆ ಬಂದ ಧೈರ್ಯದ ತೋಳಗಳು ತಮ್ಮನ್ನು ತಾವೇ ಪಳಗಿಸಿಕೊಂಡುವೆಂದು ರೇಮಂಡ್ ಮತ್ತು ಲಾರ್ನ ಕಾಪಿಂಜರ್ ದಂಪತಿಗಳು ೨೦೦೧ರಲ್ಲಿ ವಾದಿಸಿದರು. ಪಿಷ್ಟವನ್ನು ಜೀರ್ಣಿಸಲು ನೆರವಾಗುವ ಒಂದು ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಾಗಿವೆಯೆಂದು ೨೦೧೩ರಲ್ಲಿ ತಿಳಿದುಬಂದುದು ಈ ವಾದಕ್ಕೆ ಪುಷ್ಟಿಕೊಟ್ಟಿತು. ನಮ್ಮ ಹಳ್ಳಿಯ ನಾಯಿ ಉಳಿದ ರಾಗಿಮುದ್ದೆಯನ್ನು ತಿಂದು ಅರಗಿಸಿಕೊಳ್ಳುವುದರ ಹಿಂದೆ ಈ ದೀರ್ಘ ಇತಿಹಾಸವಿದೆ. ಆದರೆ ಜರ್ಮನಿಯ ಬಾನ್-ಓಬರ್‌ಕಾಸೆಲ್ಲಿನ ಸಮಾಧಿ ಈ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ೧೯೧೪ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ದೊರೆತ ಈ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಯ ಅಸ್ಥಿಗಳಿದ್ದುವು. ಕಾಲ ಇಂದಿಗೆ ಸುಮಾರು ೧೪,೦೦೦ ವರ್ಷಗಳ ಹಿಂದೆ, ಬೇಸಾಯವೂ ಊರೂ ಹುಟ್ಟುವುದಕ್ಕೆ ಬಹು ಮುಂಚೆ. ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ ಅದು ಏಳು ತಿಂಗಳೂ ತುಂಬದ ಮರಿ. ಹಲ್ಲುಗಳ ಮೇಲಣ ಗುರುತುಗಳಿಂದ ಅದಕ್ಕೆ ಹತ್ತೊಂಬತ್ತನೆಯ ವಾರದ ಸುಮಾರಿಗೆ ಡಿಸ್ಟೆಂಪರ್ ರೋಗ ತಗಲಿ, ಅದು ಮತ್ತೆ ಮತ್ತೆ ಮರುಕಳಿಸಿರಬೇಕೆಂದು ಊಹಿಸಿದ್ದಾರೆ. ಅಂಥ ರೋಗದಲ್ಲಿ ಯಾರಾದರೂ ನೀರುಣಿಸಿ, ಬೆಚ್ಚಗಿಟ್ಟು ಶುಶ್ರೂಷೆ ಮಾಡದಿದ್ದರೆ ಮರಿ ಅಷ್ಟು ವಾರಗಳು ಬದುಕುವುದು ಕಷ್ಟ. ರೋಗಿಯಾದ ಮರಿಯಿಂದ ಬೇಟೆಗಾರನಿಗೆ ಲಾಭವೇನೂ ಇಲ್ಲ. ಬರೆಹವೇ ಇಲ್ಲದ ಕಾಲದ ಈ ಮೂಳೆಗಳು ಮಣಲೇರನ ಶಾಸನದಷ್ಟೇ ಸ್ಪಷ್ಟವಾಗಿ ಮಾತಾಡುತ್ತವೆಯೆಂದು ನಮಗೆ ತೋರುತ್ತದೆ. ಕಾಶ್ಮೀರದ ಬುರ್ಜಹೋಮಿನ ನವಶಿಲಾಯುಗದ ಸಮಾಧಿಗಳಲ್ಲಿಯೂ ಮನುಷ್ಯರ ಜೊತೆಯಲ್ಲಿ ನಾಯಿಗಳನ್ನು ಹೂಳಿದುದುಂಟು. ಆದರೆ ಅಲ್ಲಿ ಮಮತೆಯೋ ಪರಲೋಕದ ನಂಬಿಕೆಯೋ ಎಂಬುದನ್ನು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

೧೯೯೦ರ ದಶಕದವರೆಗೆ ಪ್ರಾಣಿಗಳ ಬುದ್ಧಿಯನ್ನು ಪರೀಕ್ಷಿಸುವವರು ನಾಯಿಯನ್ನು ಬಹುಮಟ್ಟಿಗೆ ಬದಿಗಿಟ್ಟಿದ್ದರು. ಅದು ಕೃತಕ ಪ್ರಾಣಿ, ಮನುಷ್ಯನ ಸಹವಾಸದಿಂದ ಕೆಟ್ಟುದು ಎಂಬುದು ಕಾರಣ. ಬುಡಾಪೆಸ್ಟಿನಲ್ಲಿ ಚಾನಿ, ಮಿಕ್ಲೋಶಿ ಮೊದಲಾದವರೂ ಅಮೆರಿಕದಲ್ಲಿ ಹೇರ್ ಮತ್ತು ತೊಮಸೆಲ್ಲೊ ಎಂಬವರೂ ಇದನ್ನು ತಲೆಕೆಳಗು ಮಾಡಿದರು: ಮನುಷ್ಯನೇ ನಾಯಿಯ ಸಹಜ ಪರಿಸರವಾದರೆ ಅದನ್ನು ಮನುಷ್ಯನ ಜೊತೆಯಲ್ಲಿಯೇ ಪರೀಕ್ಷಿಸಬೇಡವೆ? ಎರಡು ಪಾತ್ರೆಗಳಲ್ಲಿ ಒಂದರಲ್ಲಿ ಮಾತ್ರ ತಿಂಡಿಯನ್ನು ಅಡಗಿಸಿ, ಅದನ್ನು ಬೆರಳಿನಿಂದ ತೋರಿಸಿದರೆ ನಾಯಿ ಆ ಕಡೆಗೇ ಹೋಗುವುದೆಂದು ೧೯೯೮ರಲ್ಲಿ ಎರಡು ತಂಡಗಳೂ ಬೇರೆ ಬೇರೆಯಾಗಿ ಪ್ರಕಟಿಸಿದುವು. ನಮಗೆ ಇದೇನು ದೊಡ್ಡ ವಿಷಯವೆಂದು ತೋರಬಹುದು. ಆದರೆ ಬುದ್ಧಿಯಲ್ಲಿ ಮನುಷ್ಯನಿಗೆ ಅತಿ ಸಮೀಪವೆನಿಸಿದ ಚಿಂಪಾಂಜಿ ಇಂಥ ಪರೀಕ್ಷೆಗಳಲ್ಲಿ ತಡವರಿಸುತ್ತಿತ್ತು. ೨೦೦೩ರಲ್ಲಿ ಮಿಕ್ಲೋಶಿಯ ತಂಡ ನಡೆಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಎಳೆಯ ಮರಿಗಳಾಗಿದ್ದಾಗಿನಿಂದ ಮನುಷ್ಯರ ಕೈಯಲ್ಲಿಯೇ ಬೆಳೆದ ತೋಳಗಳಿಗೂ ನಾಯಿಗಳಿಗೂ ಮಾಂಸವನ್ನು ಪಡೆಯುವ ಉಪಾಯವನ್ನು ಕಲಿಸಿ, ಆಮೇಲೆ ಗುಟ್ಟಾಗಿ ಅದನ್ನು ಅಸಾಧ್ಯಗೊಳಿಸಿದರು. ತೋಳಗಳು ಎಳೆಯುತ್ತಲೇ ಇದ್ದುವು. ನಾಯಿಗಳು ಸ್ವಲ್ಪ ಹೊತ್ತಿನಲ್ಲಿಯೇ ನಿಲ್ಲಿಸಿ, ಹಿಂದೆ ನಿಂತಿದ್ದ ಮನುಷ್ಯನ ಮುಖವನ್ನು ತಿರುಗಿ ನೋಡಿದುವು. ಜಾಣತನದಲ್ಲಿ ತೋಳ ಕಡಮೆಯೆಂದು ಇದರ ಅರ್ಥವಲ್ಲ. ಚೆನ್ನಾಗಿ ಪಳಗಿಸಿದ ತೋಳಗಳು ಕೈಸನ್ನೆಯನ್ನೂ ಅನುಸರಿಸುವುವೆಂದು ೨೦೦೮ರಲ್ಲಿ ಉಡೆಲ್ ಮತ್ತು ಅವಳ ಸಹೋದ್ಯೋಗಿಗಳು ತೋರಿಸಿ ಚರ್ಚೆಯನ್ನು ಬೆಳೆಸಿದರು. ಭೇದವಿರುವುದು ಕಷ್ಟ ಬಂದಾಗ ಯಾರ ಕಡೆಗೆ ತಿರುಗಬೇಕೆಂಬುದರಲ್ಲಿ. ಈ ನೋಟದ ಶಾರೀರಿಕ ಅಂಗವನ್ನು ಜಪಾನಿನ ಅಜಾಬು ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ ಹುಡುಕಿದರು: ನಾಯಿಯೂ ಒಡೆಯನೂ ಬಹು ಹೊತ್ತು ಒಬ್ಬರನ್ನೊಬ್ಬರು ನೋಡಿದಾಗ, ತಾಯಿಮಕ್ಕಳ ಬಾಂಧವ್ಯದಲ್ಲಿ ಕೆಲಸಮಾಡುವ ಆಕ್ಸಿಟೋಸಿನ್ ಎಂಬ ರಸವು ಇಬ್ಬರಲ್ಲಿಯೂ ಹೆಚ್ಚಿತು. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ಇಷ್ಟರಿಂದಲೇ ನಾಯಿ ನಮ್ಮಂತೆಯೇ ಚಿಂತಿಸುತ್ತದೆಂದು ಹಿಗ್ಗುವವರಿದ್ದಾರೆ. ಅವರು ೨೦೦೯ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಪ್ರಕಟಿಸಿದ ಪ್ರಯೋಗವನ್ನು ಗಮನಿಸಬೇಕು. ತಪ್ಪು ಮಾಡಿದ ನಾಯಿ ತಲೆತಗ್ಗಿಸಿ, ಕಿವಿ ಇಳಿಸಿ, ಬಾಲ ಮುದುರಿ ತನ್ನ ಅಪರಾಧವನ್ನು ಒಪ್ಪಿಕೊಳ್ಳುವುದೆಂದು ನಾಯಿ ಸಾಕಿದವರೆಲ್ಲರೂ ಆಣೆಯಿಟ್ಟು ಹೇಳುತ್ತಾರೆ. ಹೊರೊವಿಟ್ಸ್ ಹದಿನಾಲ್ಕು ನಾಯಿಗಳನ್ನು ಅವುಗಳ ಮನೆಗಳಲ್ಲಿಯೇ ಪರೀಕ್ಷಿಸಿದಳು. ತಿಂಡಿಯನ್ನು ಮುಟ್ಟಕೂಡದೆಂದು ವಿಧಿಸಿ ಒಡೆಯನು ಹೊರಗೆ ಹೋಗುವನು. ಹಿಂತಿರುಗಿದಾಗ ನಾಯಿ ಅದನ್ನು ತಿಂದಿತೆಂದೋ ಇಲ್ಲವೆಂದೋ ಅವನಿಗೆ ತಿಳಿಸಲಾಗುವುದು, ಕೆಲವು ವೇಳೆ ಸುಳ್ಳಾಗಿಯೇ. ಅಪರಾಧಿಯ ಮುಖವು ತಿಂದುದನ್ನು ಅವಲಂಬಿಸಲಿಲ್ಲ, ಬೈಗುಳವನ್ನು ಅವಲಂಬಿಸಿತು. ಏನನ್ನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿಯೇ ಅದು ಹೆಚ್ಚು ಎದ್ದುಕಂಡಿತು. ಒಡೆಯನು ತಪ್ಪೊಪ್ಪಿಗೆಯೆಂದು ಓದಿದುದು ವಾಸ್ತವದಲ್ಲಿ ಒಡೆಯನ ಕೋಪಕ್ಕೆ ನಾಯಿ ಕೊಟ್ಟ ಉತ್ತರ.

ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ಸತ್ರಕ್ಕೆ ಬಂದ ಸರಮೆಯ ಮಗನನ್ನು ರಾಜನ ತಮ್ಮಂದಿರು ಹೊಡೆದು ಓಡಿಸಿದ ಪ್ರಸಂಗವನ್ನು ವಾಚಕರು ಬಲ್ಲರು. ಹವಿಸ್ಸನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದು ಅದು ತಾಯಿಯಲ್ಲಿ ದೂರಿತು. ನಿರಪರಾಧಿಯನ್ನು ಹೊಡೆದುದಕ್ಕೆ ಸರಮೆ ಶಾಪವಿತ್ತಳು. ಸ್ವರ್ಗದ ಬಾಗಿಲಲ್ಲಿ ಧರ್ಮರಾಯನು ಬಿಡಲೊಪ್ಪದ ನಾಯಿಯನ್ನು ಎಲ್ಲರೂ ಸ್ಮರಿಸುತ್ತಾರೆ, ಗ್ರಂಥದ ಆರಂಭದ ಈ ನಾಯಿಯನ್ನು ಸ್ಮರಿಸುವವರು ಕಡಮೆ. ನಾಯಿಗೆ ಮಾತು ಕೊಟ್ಟುದರಿಂದ ಅಲ್ಲಿ ನಿಜ ಹೊರಬಿದ್ದಿತು. ಮಾತಿಲ್ಲದ ನಾಯಿಯ ಪರವಾಗಿ ಪ್ರಯೋಗಶಾಲೆ ಅದೇ ಕೆಲಸವನ್ನು ಮಾಡಿದೆ.

ಇನ್ನು ನಮ್ಮ ದೇಶದ ಮಾತು. ಮೇಲೆ ಹೇಳಿದ ಪ್ರಯೋಗಗಳಲ್ಲಿ ಬಹುತೇಕ ಎಲ್ಲವೂ ಮನೆಯಲ್ಲಿ ಸಾಕಿದ ನಾಯಿಗಳನ್ನೇ ನೋಡಿದುವು. ಜಗತ್ತಿನ ಬಹುಸಂಖ್ಯಾತ ನಾಯಿಗಳಾದರೋ ಯಾರೊಬ್ಬರ ಸ್ವತ್ತೂ ಅಲ್ಲದೆ ಊರಿನಲ್ಲಿ ಅಲೆದು ಬದುಕುವಂಥವು. ಸನ್ನೆಯನ್ನು ಅನುಸರಿಸುವುದು ಹುಟ್ಟುಗುಣವೋ, ಮನೆಯಲ್ಲಿ ಸಿಕ್ಕ ತರಬೇತಿಯ ಫಲವೋ ಎಂಬುದನ್ನು ಬೀದಿನಾಯಿಯನ್ನು ಪರೀಕ್ಷಿಸದೆ ತೀರ್ಮಾನಿಸುವಂತಿಲ್ಲ. ಈ ಕೊರತೆಯನ್ನು ತುಂಬಿದವರು ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ಶಿಷ್ಯರು. ಅಪರಿಚಿತನಾದ ಮನುಷ್ಯನು ಪದೇ ಪದೇ ಎದುರಾದಾಗ ಅವನು ಕೊಡುವ ತಿಂಡಿಗಿಂತ ಮೈದಡವುವ ಕೈಯೇ ಬೀದಿನಾಯಿಗಳ ನಂಬಿಕೆಯನ್ನು ಹೆಚ್ಚು ಗಳಿಸುವುದೆಂದು ೨೦೧೭ರಲ್ಲಿ ಅವರು ಪ್ರಕಟಿಸಿದರು. ಹಸಿದ ಪ್ರಾಣಿ ಅನ್ನಕ್ಕೆ ಮಾತ್ರ ಬಾಲವಾಡಿಸುತ್ತದೆಂಬ ಗಾದೆಯಂಥ ನಂಬಿಕೆಗೆ ಇದು ನೇರವಾದ ವಿರೋಧ. ೨೦೨೦ರ ಪ್ರಬಂಧದಲ್ಲಿ ಅವರು ೧೬೦ ಬೀದಿನಾಯಿಗಳಿಗೆ, ಹಿಂದೆ ಯಾವ ತರಬೇತಿಯೂ ಇಲ್ಲದುವಕ್ಕೆ, ದೂರದಲ್ಲಿದ್ದ ಪಾತ್ರೆಯನ್ನು ಕೈಯಿಂದ ತೋರಿಸಿದರು. ಹತ್ತಿರ ಬಂದುವುಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ತೋರಿಸಿದ ಪಾತ್ರೆಯ ಬಳಿಗೇ ಹೋದುವು. ಯೂರೋಪಿನ ದಿವಾನಖಾನೆಗಳಲ್ಲಿ ಕಂಡುದು ಬಂಗಾಳದ ಬೀದಿಯಲ್ಲಿಯೂ ನಿಜವಾಯಿತು.

ಈ ಪ್ರಬಂಧವು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ಬೀದಿನಾಯಿಗಳ ಪ್ರಶ್ನೆ ೨೦೨೫ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಕೊಟ್ಟು, ಹುಚ್ಚುರೋಗದ ಲಕ್ಷಣವಾಗಲಿ ಆಕ್ರಮಣದ ಸ್ವಭಾವವಾಗಲಿ ಇಲ್ಲದ ನಾಯಿಗಳನ್ನು ಹಿಡಿದ ಸ್ಥಳಕ್ಕೇ ಮರಳಿ ಬಿಡಬೇಕೆಂದು ಆಗಸ್ಟ್ ೨೨ರಂದೂ, ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಬೇರೆ ಆಶ್ರಯಗಳಲ್ಲಿಡಬೇಕೆಂದು ನವೆಂಬರ್ ೭ರಂದೂ ಆದೇಶಗಳಾದುವು. ನಮ್ಮ ಕಾಲೇಜುಗಳ ಆವರಣವೂ ಹೀಗೆ ಚರ್ಚೆಯ ವಸ್ತುವಾಯಿತು. ಮನುಷ್ಯರಿಗೆ ತಗಲುವ ಹುಚ್ಚುನಾಯಿ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯ ಕಡಿತದಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಡಿಸಿಕೊಂಡ ಮಗುವಿನ ತಾಯಿಗೆ ಆಕ್ಸಿಟೋಸಿನ್ನಿನ ಕಥೆ ಹೇಳಲು ಹೋಗುವುದು ಕ್ರೌರ್ಯ. ಲಸಿಕೆಯ ಕೆಲಸಕ್ಕೆ ಬದಲಾಗಬಲ್ಲ ಯಾವ ಸಿದ್ಧಾಂತವೂ ಇಲ್ಲ. ಆದರೆ ಎರಡೂ ಕಡೆಯವರು ಎತ್ತುವ ವಾದಗಳಲ್ಲಿ ಆವರಣದ ತೋಳವೂ ಅಪರಾಧಿಯ ಮುಖವೂ ಇನ್ನೂ ಸುಳಿದಾಡುತ್ತಿರುವುದನ್ನು ಕಾಣುತ್ತೇವೆ. ಒಬ್ಬರಿಗೆ ನಾಯಿ ಮೇಲುಗೈಗೆ ಹವಣಿಸುವ ದುಷ್ಟಮೃಗ, ಇನ್ನೊಬ್ಬರಿಗೆ ಮಾತು ಬಾರದ ಮಗು. ಬಂಧನದಲ್ಲಿ ಒತ್ತೊತ್ತಾಗಿ ತುಂಬಿದ ಪ್ರಾಣಿಗಳ ನಡತೆ ಹೇಗಾಗುವುದೆಂಬುದಕ್ಕೆ ೧೯೪೭ರ ಪ್ರಬಂಧವೇ ಆಧಾರವಾಗಿರುವಾಗ, ಆಶ್ರಯಗಳನ್ನು ಕಟ್ಟುವವರಾದರೂ ಅದನ್ನು ಒಮ್ಮೆ ಓದಬೇಕು.

೨೦೨೦ರ ಪ್ರಯೋಗದ ಎಂಬತ್ತರ ಸಂಖ್ಯೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಇನ್ನೊಂದು ಅಂಶವನ್ನು ಉದ್ಧರಿಸುವವರು ವಿರಳ. ಪರೀಕ್ಷೆಗೆ ಆರಿಸಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಯಾವ ಪಾತ್ರೆಯ ಬಳಿಗೂ ಬರಲೇ ಇಲ್ಲ. ಅವು ಅಂಜಿ ದೂರದಲ್ಲಿಯೇ ಉಳಿದುವು. ಮನುಷ್ಯರಿಂದ ಹಿಂದೆ ಪೆಟ್ಟುತಿಂದ ಅನುಭವವು ಅವಕ್ಕೆ ಇದ್ದಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಅವುಗಳಿಗೆ ಸನ್ನೆ ತಿಳಿಯಲಿಲ್ಲವೆಂದು ಹೇಳುವಂತಿಲ್ಲ. ಎತ್ತಿದ ಕೈಯನ್ನು ಅವು ನೋಡಿದುವು, ತಮಗೆ ತಿಳಿದಿದ್ದ ರೀತಿಯಲ್ಲಿ ಅದನ್ನು ಅರ್ಥಮಾಡಿಕೊಂಡುವು, ಹಿಂದಕ್ಕೆ ಸರಿದುವು.